1000 ಪ್ರತಿಗೆ ಮುಂಗಡ ಕೊಡುವ ಮುಂಚೆ ಇದನ್ನು ಓದಿ ಸರ್

ಸರ್, ನಿಮ್ಮ ಪೋಸ್ಟ್ ಓದಿ ಸುಮ್ನೆ ಇರಲು ಆಗಲಿಲ್ಲ. ಕೆರೆ ಹಕ್ಕಿಗಳ ಫೋಟೋ ಪುಸ್ತಕ, 12x10 ಇಂಚು, 240 ಪುಟ, 220 ಚಿತ್ರ, ಆಫ್‌ಸೆಟ್‌ನಲ್ಲಿ (ಪ್ಲೇಟ್ ಮಾಡಿ ಅಚ್ಚು ಹಾಕುವ ಪ್ರೆಸ್ಸಿನಲ್ಲಿ) 1000 ಪ್ರತಿ ಅಂದಿದ್ದೀರಿ. 300 ಹಾಕಿಸಿದರೆ ಪ್ರತಿಗೆ ಬೀಳುವ ಖರ್ಚು ಜಾಸ್ತಿ, 1000ಕ್ಕೆ ಹೋದರೆ ಅದು ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ 1000ವೇ ಲಾಭ ಅಂತ ಬರೆದಿದ್ದೀರಿ. ನನ್ನ ಮೊದಲ ಪುಸ್ತಕಕ್ಕೆ ನಾನು ಹಾಕಿದ್ದೂ ಇದೇ ಲೆಕ್ಕ.

ನನ್ನದು ಕಮ್ಮಾರರು, ಕುಂಬಾರರು, ನೇಕಾರರ ಕೈಗಳ ಪುಸ್ತಕ. 1000 ಪ್ರತಿ ಹಾಕಿಸಿದೆ. ಎರಡು ವರ್ಷದಲ್ಲಿ ಮಾರಿದ್ದು 230. ಈಗ ನಿಮ್ಮ ಲೆಕ್ಕಕ್ಕೇ ಬರೋಣ. 300 ಹಾಕಿಸಿದಾಗ ಪ್ರತಿಗೆ 1 ಪಾಲು ಅಂದುಕೊಳ್ಳಿ, ಬಿಲ್ 300 ಪಾಲು. 1000ಕ್ಕೆ ಅರ್ಧ ಪಾಲಿನಂತೆ ಬಿಲ್ 500. ಇದನ್ನು ಮಾರಾಟವಾದ 230 ಪ್ರತಿಗೆ ಹಂಚಿ ನೋಡಿ. ಮೊದಲನೆಯದರಲ್ಲಿ ಪ್ರತಿಗೆ 1.3 ಪಾಲು, ಎರಡನೆಯದರಲ್ಲಿ ಸುಮಾರು 2.2. ಅಗ್ಗ ಅಂತ ಹಾಕಿಸಿದ್ದೇ ದುಬಾರಿ ಆಯಿತು, ಅಲ್ವಾ? ಪ್ರೆಸ್ಸಿನವರು "ಪ್ರತಿಗೆ ಇಷ್ಟು" ಅಂತ ಹೇಳುವುದು ಅವರು ಅಚ್ಚು ಹಾಕುವ ಪ್ರತಿಗೆ. ನಿಮ್ಮ ಜೇಬಿಗೆ ಸಂಬಂಧಪಟ್ಟಿದ್ದು ನೀವು ಮಾರುವ ಪ್ರತಿ ಮಾತ್ರ.

ತೂಕವನ್ನೂ ಯೋಚನೆ ಮಾಡಿ. ನಿಮ್ಮ ಅಳತೆಗೆ, 170 ಜಿಎಸ್‌ಎಂ (ಚದರ ಮೀಟರಿಗೆ 170 ಗ್ರಾಂ) ಕಾಗದಕ್ಕೆ, ಒಳಪುಟಗಳೇ ಒಂದೂವರೆ ಕಿಲೋ ದಾಟುತ್ತವೆ. ರಟ್ಟು ಸೇರಿದರೆ ಹತ್ತಿರ ಹತ್ತಿರ ಎರಡು ಕಿಲೋ. 1000 ಪ್ರತಿ ಅಂದರೆ ಎರಡು ಟನ್. ಅದನ್ನು ಎಲ್ಲಿ ಇಡುತ್ತೀರಿ? ನಾನು ಒಂದು ಕೋಣೆಯಲ್ಲಿ ಗೋಡೆಗೆ ಒತ್ತಿ ಪೇರಿಸಿದ್ದೆ. ಗೋಡೆಯ ತೇವ ಕಾಗದಕ್ಕೆ ಹತ್ತಿ ಕೆಳಗಿನ ಸಾಲಿನ ಪೆಟ್ಟಿಗೆಗಳ ರಟ್ಟೆಲ್ಲ ಬಿಲ್ಲಿನಂತೆ ಬಾಗಿತು. ಅಂಚಿನಲ್ಲಿ ಬೂಷ್ಟು ಬಂತು. ಆರು ವರ್ಷ ಓಡಾಡಿ ತೆಗೆದ ಚಿತ್ರಗಳು ಅವು. ಪೆಟ್ಟಿಗೆ ತೆರೆದ ದಿನ ಕುಳಿತು ಅತ್ತಿದ್ದೇನೆ.

ಮೊದಲು ಕಡಿಮೆ ಹಾಕಿಸಿ, ಬೇಕಾದರೆ ಮತ್ತೆ ಹಾಕಿಸಿ. ಅಮೆರಿಕದ ಕಲಾವಿದ ಎಡ್ ರುಶೇ 26 ಪೆಟ್ರೋಲ್ ಬಂಕ್‌ಗಳ ಫೋಟೋ ಪುಸ್ತಕವನ್ನು ತಾವೇ ಹೊರತಂದಾಗ, 1963ರಲ್ಲಿ, ಹಾಕಿಸಿದ್ದು 400 ಪ್ರತಿ. 1967ರಲ್ಲಿ 500. 1969ರಲ್ಲಿ 3000. ಬೇಡಿಕೆ ನೋಡಿಕೊಂಡು ಏರಿಸುತ್ತಾ ಹೋಗಬಹುದು.

ಅಂಗಡಿಗಳ ಮೂಲಕ ಮಾರುತ್ತೇನೆ ಅಂದಿದ್ದೀರಿ. ಮುಖಬೆಲೆ 100 ಇದ್ದರೆ ವಿತರಕರು ಮತ್ತು ಅಂಗಡಿಯವರು ಸೇರಿ 50ರಿಂದ 60 ಇಟ್ಟುಕೊಳ್ಳುತ್ತಾರೆ. ಅದು ಅನ್ಯಾಯವೇನಲ್ಲ, ಅವರಿಗೂ ಬಾಡಿಗೆ ಇದೆ. ಆದರೆ ನಿಮ್ಮ ಮುದ್ರಣ ಖರ್ಚು 35 ಇದ್ದು, ಸಾಗಣೆ, ಹರಿದು ಮುದುಡಿ ವಾಪಸ್ ಬಂದ ಪ್ರತಿ, ವಿಮರ್ಶೆಗೆ ಕೊಟ್ಟ ಪ್ರತಿ ಎಲ್ಲ ಸೇರಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮುದ್ರಣ ಖರ್ಚು ಮುಖಬೆಲೆಯ ಕಾಲು ಭಾಗ ದಾಟಬಾರದು. ಅಂಗಡಿಗಳನ್ನೇ ನಂಬಿದ್ದರೆ ಐದನೇ ಒಂದು ಭಾಗ. ದಾಟುತ್ತಿದೆ ಅಂದರೆ ಪುಟ ಕಡಿಮೆ ಮಾಡಿ ಇಲ್ಲವೇ ಅಳತೆ ಇಳಿಸಿ. ಬೆಲೆ ಏರಿಸುವುದು ಕೊನೆಯ ದಾರಿ.

ನನಗೆ ದುಡ್ಡು ತಂದ ವಿಧಾನ ಇದು. ಎರಡನೇ ಪುಸ್ತಕಕ್ಕೆ ಮೊದಲು ಆಸಕ್ತಿ ಇರುವವರ ಹೆಸರು, ಈಮೇಲ್ ಪಟ್ಟಿ ಮಾಡಿದೆ, ಆಮೇಲೆ ಪುಸ್ತಕ. ಎಂಟು ತಿಂಗಳು, ಹದಿನೈದು ದಿನಕ್ಕೊಮ್ಮೆ ಒಂದು ಚಿತ್ರ, ಅದರ ಹಿಂದಿನ ಕಥೆ ಹತ್ತು ಸಾಲು, ಈಮೇಲ್‌ನಲ್ಲಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಲೈಕುಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ ಸರ್. ಲೈಕ್ ಒತ್ತಿದ ಸಾವಿರ ಜನರಲ್ಲಿ ಪುಸ್ತಕ ಕೊಂಡವರು ಬೆರಳೆಣಿಕೆ. ತಾವಾಗಿಯೇ ವಿಳಾಸ ಕೊಟ್ಟವರು ಕೊಳ್ಳುತ್ತಾರೆ. ಇನ್ನೊಂದು, ನಮ್ಮ ಪುಸ್ತಕ ಕೊಳ್ಳುವವರು ಛಾಯಾಗ್ರಾಹಕರಲ್ಲ. ನಾನು ಮೊದಲ ಸಲ ಈ ಥರದ ಛಾಯಾಗ್ರಾಹಕರ ಗುಂಪುಗಳಲ್ಲೇ ಪ್ರಚಾರ ಮಾಡಿ ಸೋತೆ. ಎರಡನೇ ಸಲ ಕೊಂಡವರು ಮಡಕೆ ಮಾಡುವವರು, ಮಗ್ಗದ ಬಟ್ಟೆ ಪ್ರೀತಿಸುವವರು, ಅವರ ಮಕ್ಕಳು. ನೀವು ಹಕ್ಕಿ ನೋಡುವವರ ಬಳಗಗಳಿಗೆ, ಕೆರೆ ಉಳಿಸುವವರಿಗೆ, ಶಾಲೆಯ ಲೈಬ್ರರಿಗಳಿಗೆ ಹೋಗಿ. ಸ್ಲೈಡ್ ತೋರಿಸಿ ಮಾತಾಡಿ. ಮಾತು ಮುಗಿದ ಮೇಲೆ ಬಾಗಿಲ ಹತ್ತಿರ ಒಂದು ಮೇಜು ಹಾಕಿದರೆ ಒಂದು ಸಂಜೆಗೆ ಹೋಗುವಷ್ಟು ಪ್ರತಿ ಅಂಗಡಿಯಲ್ಲಿ ಆರು ತಿಂಗಳಿಗೂ ಹೋಗುವುದಿಲ್ಲ.

ಆಮೇಲೆ ಮುಂಗಡ ಬುಕಿಂಗ್ ತೆರೆದೆ. 300 ಪ್ರತಿ, ಖರ್ಚು ಮುಖಬೆಲೆಯ ಕಾಲು ಭಾಗ. ಅಂದರೆ 75 ಪ್ರತಿ ನೇರವಾಗಿ ಮಾರಿದರೆ ಪ್ರೆಸ್ಸಿನ ಬಿಲ್ ತೀರಿತು. ಸಾಮಾನ್ಯ ಪ್ರತಿಗೆ 110 ಬುಕಿಂಗ್ ಬಂತು. ಅದರ ಜೊತೆ 30 ವಿಶೇಷ ಪ್ರತಿ ಇಟ್ಟಿದ್ದೆ. ಸಹಿ, ಸಂಖ್ಯೆ, ರಟ್ಟಿನ ಪೆಟ್ಟಿಗೆ, ಒಳಗೆ ಒಂದು ಪಿಗ್ಮೆಂಟ್ ಪ್ರಿಂಟ್ (ಬಹುಕಾಲ ಮಾಸದ ಶಾಯಿಯ ಫೋಟೋ ಪ್ರಿಂಟ್). ಬೆಲೆ ನಾಲ್ಕು ಪಟ್ಟು. ಮೊದಲು ಖಾಲಿ ಆಗಿದ್ದು ಅವೇ. ಆ 30 ಪ್ರತಿ 120 ಸಾಮಾನ್ಯ ಪ್ರತಿಗೆ ಸಮ. ಪೆಟ್ಟಿಗೆ, ಪ್ರಿಂಟ್, ಅಂಚೆ ಖರ್ಚು ಇದರಲ್ಲಿ ಕಳೆಯಬೇಕು, ಕಳೆದ ಮೇಲೂ ಚೆನ್ನಾಗಿ ಉಳಿಯುತ್ತದೆ. ಪ್ರಿಂಟ್‌ಗೆ ಅಗ್ಗದ ಕಾಗದ ಹಾಕಬೇಡಿ. ನಾನು ಹತ್ತಿಯ ಕಾಗದ ಹಾನೆಮ್ಯೂಲೆ ಫೋಟೋ ರ‍್ಯಾಗ್ 308 ಬಿಟ್ಟು ಬೇರೆ ಬಳಸುವುದಿಲ್ಲ. ಆದರೆ 30 ಅಂತ ಬರೆದರೆ 30ಕ್ಕೇ ನಿಲ್ಲಿಸಿ. ಬೇಡಿಕೆ ಇದೆ ಅಂತ ಆಮೇಲೆ ಇನ್ನೂ 20 ಮಾಡಿದರೆ ಮೊದಲು ಕೊಂಡವರಿಗೆ ಮೋಸ ಮಾಡಿದ ಹಾಗೆ.

ಜನರಿಂದ ಮೊದಲೇ ಹಣ ಕೂಡಿಸುವ ಜಾಲತಾಣ ಕಿಕ್‌ಸ್ಟಾರ್ಟರ್ ಬಗ್ಗೆ ಕೆಳಗೆ ಕಾಮೆಂಟಿನಲ್ಲಿ ಯಾರೋ ಕೇಳಿದ್ದಾರೆ. ಗುರಿ ಮುಟ್ಟದಿದ್ದರೆ ಯಾರ ದುಡ್ಡೂ ಕಡಿತ ಆಗುವುದಿಲ್ಲ, ಅದೇ ಅದರ ಒಳ್ಳೆಯ ಗುಣ. ಮುಟ್ಟಿದರೆ 5 ಪ್ರತಿಶತ ಅವರಿಗೆ, ಹಣ ಪಾವತಿಯ ಶುಲ್ಕ ಬೇರೆ. ಆದರೆ ಪಟ್ಟಿ ಇಲ್ಲದೆ ಅಲ್ಲಿಗೆ ಹೋದರೆ ಪ್ರಯೋಜನವಿಲ್ಲ, ಮೊದಲ ವಾರ ದುಡ್ಡು ಹಾಕುವವರು ನಿಮ್ಮವರೇ. ಅಂಚೆ ಖರ್ಚನ್ನು ಗುರಿಯೊಳಗೆ ಸೇರಿಸದೆ ಪುಸ್ತಕವೆಲ್ಲ ಮಾರಾಟವಾದರೂ ಕೈಯಿಂದ ದುಡ್ಡು ಕಟ್ಟಿದವರನ್ನು ನೋಡಿದ್ದೇನೆ. ಎರಡು ಕಿಲೋ ಪುಸ್ತಕ ಸರ್, ಮರೆಯಬೇಡಿ.

ಈಗ ನಿಮ್ಮ 220 ಚಿತ್ರಗಳು. ಸ್ವಲ್ಪ ಬೈಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಿಂಚುಳ್ಳಿಯದೇ 14 ಚಿತ್ರ ಇದೆ ಅಂತ ಹೆಮ್ಮೆಯಿಂದ ಬರೆದಿದ್ದೀರಿ. ನೋಡುವವರಿಗೆ ಒಂದು ಸಾಕು, ಬಹಳ ಚೆನ್ನಾಗಿದ್ದರೆ ಎರಡು. ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್ ಅಮೆರಿಕ ಸುತ್ತಿ 27,000ಕ್ಕೂ ಹೆಚ್ಚು ಚಿತ್ರ ತೆಗೆದು ಪುಸ್ತಕದಲ್ಲಿ ಉಳಿಸಿಕೊಂಡಿದ್ದು 83. ನಿಮ್ಮದನ್ನು 90ಕ್ಕೆ ಇಳಿಸಿ. 112 ಪುಟ ಸಾಕು, 16 ಪುಟದ ಏಳು ಫಾರಂ (ಒಂದು ದೊಡ್ಡ ಹಾಳೆ ಮಡಚಿದರೆ ಒಂದು ಫಾರಂ). ಖರ್ಚು, ತೂಕ ಎರಡೂ ಅರ್ಧಕ್ಕೆ ಹತ್ತಿರ ಬರುತ್ತವೆ.

ಆರಿಸಲು ಕಂಪ್ಯೂಟರ್ ಮುಂದೆ ಲೈಟ್‌ರೂಮ್‌ನಲ್ಲಿ ಕೂರಬೇಡಿ. ಎಲ್ಲವನ್ನೂ 4x6 ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಒಂದು ವಾರ ಹಾಗೇ ಬಿಡಿ. ಓಡಾಡುವಾಗ ಕಣ್ಣು ಎಲ್ಲಿ ನಿಲ್ಲುವುದಿಲ್ಲವೋ ಅದನ್ನು ಎತ್ತಿ. ಉಳಿದಿದ್ದರಲ್ಲಿ ಡಮ್ಮಿ (ಪುಸ್ತಕದ ಮಾದರಿ) ಮಾಡಿ, ಪೂರ್ತಿ ಅಳತೆಯಲ್ಲಿ, ಮನೆಯ ಪ್ರಿಂಟರಿನಲ್ಲೇ ಆದರೂ ಪರವಾಗಿಲ್ಲ. ಬಿಡಿ ಪ್ರತಿ ಅಚ್ಚು ಹಾಕಿಕೊಡುವ ಬ್ಲರ್ಬ್ ಜಾಲತಾಣದಲ್ಲಿ ಒಂದು ಪ್ರತಿ ಮಾಡಿಸಿದರೂ ಸರಿ. ಡಮ್ಮಿಗೆ ಬ್ಲರ್ಬ್ ಒಳ್ಳೆಯದು, ಆದರೆ ಮಾರಾಟಕ್ಕೆ ಅವರ ಬಿಡಿ ಪ್ರತಿಯ ಖರ್ಚಿನ ಮೇಲೆ ನಿಮ್ಮ ಲಾಭ ಇಟ್ಟರೆ ಯಾರೂ ಕೊಳ್ಳದ ಬೆಲೆ ಆಗುತ್ತದೆ. ಆ ಡಮ್ಮಿಯನ್ನು ಕ್ಯಾಮೆರಾ ಮುಟ್ಟದ ಐದು ಜನರ ಕೈಗೆ ಕೊಟ್ಟು ಸುಮ್ಮನೆ ಕುಳಿತುಕೊಳ್ಳಿ. ಮಾತಾಡಬೇಡಿ, ಅವರ ಬೆರಳು ನೋಡಿ. ಎಲ್ಲಿ ಎರಡು ಪುಟ ಒಟ್ಟಿಗೆ ತಿರುಗಿಸುತ್ತಾರೋ ಅಲ್ಲಿ ಪುಸ್ತಕ ಸತ್ತಿದೆ. ನನ್ನ ಎರಡನೇ ಪುಸ್ತಕದಲ್ಲಿ ಹೀಗೆ 31 ಚಿತ್ರ ತೆಗೆದೆ. ಅದರಲ್ಲಿ ನನಗೆ ತುಂಬಾ ಇಷ್ಟದ ಎರಡೂ ಇದ್ದವು.

ಹಕ್ಕಿ ಚಿತ್ರದವರು ಕ್ರಾಪ್ ಮಾಡುವುದು ಜಾಸ್ತಿ, ಅದಕ್ಕೆ ಹೇಳುತ್ತೇನೆ. ಇಂಚಿಗೆ 300ರಂತೆ ಪೂರ್ತಿ ಪುಟಕ್ಕೆ 3600x3000 ಪಿಕ್ಸೆಲ್ ಬೇಕು. ಕ್ರಾಪ್ ಆದ ಮೇಲೆ ಅಗಲ 1800 ಉಳಿದಿದ್ದರೆ ಅದು ಆರು ಇಂಚಿನ ಚಿತ್ರ, ಅಷ್ಟೇ. ಸುತ್ತ ಬಿಳಿ ಬಿಟ್ಟು ಸಣ್ಣದಾಗಿ ಹಾಕಿ, ಚೆನ್ನಾಗಿಯೇ ಕಾಣುತ್ತದೆ. ಎರಡು ಪುಟಕ್ಕೆ ಹರಡಿದ 40 ಚಿತ್ರ ಇಟ್ಟಿದ್ದೀರಲ್ಲ, ಒಂದೊಂದನ್ನೂ ನೋಡಿ, ಕಣ್ಣೋ ಕೊಕ್ಕೋ ನಡುವಿನ ಮಡಿಕೆಗೆ ಬಿದ್ದಿದ್ದರೆ ತೆಗೆಯಿರಿ. ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗ್ ಬೇಡವೇ ಬೇಡ, ಹೊಲಿಗೆಯೇ ಮಾಡಿಸಿ. ಕಾಗದದ ಎಳೆ (ನಾರು ಹೋಗುವ ದಿಕ್ಕು) ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಬರಬೇಕು ಅಂತ ಬರವಣಿಗೆಯಲ್ಲಿ ಕೊಡಿ. ಅಡ್ಡ ಎಳೆ ಬಂದರೆ ಪುಟ ಅಲೆ ಅಲೆಯಾಗುತ್ತದೆ, ಪುಸ್ತಕ ಬಿಡಿಸಿದರೆ ತಾನೇ ಮುಚ್ಚಿಕೊಳ್ಳುತ್ತದೆ. ನನ್ನ ಮೊದಲ ಪುಸ್ತಕದಲ್ಲಿ ಅದೂ ಆಗಿತ್ತು.

ಅದಕ್ಕಿಂತ ದೊಡ್ಡ ನೋವು ಕಪ್ಪು. ಸ್ಕ್ರೀನಿನಲ್ಲಿ ಮಿನುಗುತ್ತಿದ್ದ ಕಮ್ಮಾರನ ಕೈ ಪುಸ್ತಕದಲ್ಲಿ ಇದ್ದಿಲಿನ ಮುದ್ದೆಯಾಗಿ ಬಂತು. ತಪ್ಪು ನನ್ನದೇ. ಮಾನಿಟರಿನ ಬೆಳಕನ್ನು ಪೂರ್ತಿ ಏರಿಸಿಟ್ಟು ಎಡಿಟ್ ಮಾಡಿದ್ದೆ. ಮುದ್ರಣದ ಕೆಲಸಕ್ಕೆ ಅದು 80ರಿಂದ 120 ನಿಟ್ (ಪರದೆಯ ಬೆಳಕಿನ ಅಳತೆ) ಇರಬೇಕು. ಮಾನಿಟರ್ ಅಳೆದು ಸರಿಮಾಡುವ ಉಪಕರಣ ಬರುತ್ತದೆ, ಸ್ಪೈಡರ್ ತೊಗೊಳ್ಳಿ, ಕ್ಯಾಲಿಬ್ರೈಟ್ ತೊಗೊಳ್ಳಿ, ಯಾವುದಾದರೂ ಒಂದು ತೊಗೊಳ್ಳಿ. ಹೊಸ ಲೆನ್ಸ್‌ಗೆ ಅಷ್ಟು ಸುರಿಯುವವರು ಇದಕ್ಕೆ ಯಾಕೆ ಹಿಂದೆ ಮುಂದೆ ನೋಡುತ್ತಾರೋ ನನಗೆ ಅರ್ಥವಾಗುವುದಿಲ್ಲ. ಪ್ರೆಸ್ಸಿನವರ ಹತ್ತಿರ ಅವರು ಬಳಸುವ ಬಣ್ಣದ ಪ್ರೊಫೈಲ್ ಫೈಲ್ ಕೇಳಿ ಸಾಫ್ಟ್ ಪ್ರೂಫ್ ನೋಡಿ, ಅಂದರೆ ಅಚ್ಚಿನಲ್ಲಿ ಹೇಗೆ ಬರುತ್ತದೆ ಅಂತ ಸ್ಕ್ರೀನಿನಲ್ಲೇ ನೋಡಿ. ಕೋಟೆಡ್ (ಮೇಲೆ ಲೇಪ ಇರುವ) ಕಾಗದಕ್ಕೆ ಫೋಗ್ರಾ 39 ಅಥವಾ 51 ಪ್ರೊಫೈಲ್, ಅನ್‌ಕೋಟೆಡ್‌ಗೆ ಬೇರೆ. ಸುಮ್ನೆ ಫೋಟೋಶಾಪ್‌ನಲ್ಲಿ ಸಿಎಂವೈಕೆ (ಅಚ್ಚಿನ ನಾಲ್ಕು ಬಣ್ಣ) ಒತ್ತಿ ಕಳಿಸಬೇಡಿ. ಅನ್‌ಕೋಟೆಡ್ ಕಾಗದ ಶಾಯಿ ಕುಡಿಯುತ್ತದೆ, ಚಿತ್ರದ ನೆರಳಿನ ಭಾಗವನ್ನು ಮೊದಲೇ ತಿಳಿ ಮಾಡಿರಬೇಕು. ನಿಮ್ಮ ಹಕ್ಕಿ ಗರಿಗಳಿಗೆ ಮ್ಯಾಟ್ ಕೋಟೆಡ್ಡೇ ಸರಿ ಅನ್ನುತ್ತೇನೆ. ಅತಿ ಕಪ್ಪು, ಅತಿ ಬಿಳಿ, ಅತಿ ಬಣ್ಣ ಇರುವ ಆರು ಚಿತ್ರ ಆರಿಸಿ, ಅದೇ ಕಾಗದದ ಮೇಲೆ ಪ್ರೆಸ್ ಪ್ರೂಫ್ (ಪರೀಕ್ಷೆಯ ಅಚ್ಚು) ತೆಗೆಸಿ. ಅದನ್ನು ನೋಡುವುದು 5000 ಕೆಲ್ವಿನ್ ಬೆಳಕಿನಲ್ಲಿ, ಹಗಲಿನ ಬೆಳಕಿನಂಥದ್ದರಲ್ಲಿ. ನಾನು ಪ್ರೆಸ್ಸಿನ ಆಫೀಸಿನ ಟ್ಯೂಬ್‌ಲೈಟ್ ಕೆಳಗೆ ನೋಡಿ ಸಹಿ ಹಾಕಿದ್ದೆ. ಸಹಿ ಹಾಕಿದ ಮೇಲೆ ಯಾರನ್ನೂ ದೂರುವ ಹಾಗಿಲ್ಲ.

ಪುಟ ಜೋಡಿಸಲು ಇನ್‌ಡಿಸೈನ್ ಅಥವಾ ಅಫಿನಿಟಿ ಸಾಫ್ಟ್‌ವೇರ್, ಎರಡೂ ಚೆನ್ನಾಗಿವೆ. ಬ್ಲೀಡ್ (ಕತ್ತರಿಸಲು ಅಂಚಿನಾಚೆ ಬಿಡುವ ಚಿತ್ರ) 3 ಮಿಮೀ. ಗಟ್ಟಿ ರಟ್ಟಿನದು, ಮೆತ್ತನೆ ರಟ್ಟಿನದು ಎರಡೂ ತಂದರೆ ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) ಎರಡು ಬೇಕು. ಗೂಡಿನ ಚಿತ್ರಗಳಿಗೆ ಜಾಗದ ಹೆಸರು ಹಾಕಬೇಡಿ. ಪುಸ್ತಕ ನೋಡಿ ಕ್ಯಾಮೆರಾ ಹಿಡಿದು ಅಲ್ಲಿಗೇ ಹೋಗುವವರು ಇದ್ದಾರೆ.

ಪ್ರಕಾಶಕರೊಬ್ಬರು "ಅರ್ಧ ಖರ್ಚು ನೀವು ಹಾಕಿ, ಶೇಕಡ 10 ರಾಯಲ್ಟಿ" ಅಂದಿದ್ದಾರೆ ಅಂತ ಬರೆದಿದ್ದೀರಿ. ಫೋಟೋ ಪುಸ್ತಕದಲ್ಲಿ ದುಡ್ಡು ಹಾಕಲು ಕೇಳುವುದು ಮಾಮೂಲು, ಅಷ್ಟಕ್ಕೇ ಕೆಟ್ಟವರು ಅನ್ನಲಾಗದು. ಆದರೆ 10 ಯಾವುದರ ಮೇಲೆ ಅಂತ ಕೇಳಿ. 100ರ ಮುಖಬೆಲೆ ಮೇಲಾದರೆ 10. ಅಂಗಡಿಯವರ ಪಾಲು ಕಳೆದು ಅವರ ಕೈಗೆ ಬಂದ 45ರ ಮೇಲಾದರೆ ನಾಲ್ಕೂವರೆ. ನಿಮಗೆ ಎಷ್ಟು ಪ್ರತಿ ಕೊಡುತ್ತಾರೆ, ಅದನ್ನು ನೀವೇ ಮಾರಬಹುದಾ, ಪುಸ್ತಕ ಮುಗಿದ ಮೇಲೆ ಹಕ್ಕು ಯಾವಾಗ ವಾಪಸ್ ಬರುತ್ತದೆ, ಇಷ್ಟೂ ಕಾಗದದಲ್ಲಿ ಬರಲಿ. ಅರ್ಧ ಖರ್ಚಿಗೆ ಮೂರನೇ ಒಂದು ಭಾಗದಷ್ಟು ಪ್ರತಿಯನ್ನಾದರೂ ಕೊಡದಿದ್ದರೆ ನಾನಾದರೆ ಒಪ್ಪುವುದಿಲ್ಲ.

ಪ್ರೆಸ್ಸಿಗೆ ಮುಂಗಡ ಕೊಟ್ಟಾಗಿದ್ದರೂ ಗಾಬರಿ ಬೇಡ. ಅವರು ಕಾಗದ ತರಿಸುವ ತನಕ ಸಂಖ್ಯೆ ಬದಲಿಸಬಹುದು, ತರಿಸಿದ ಮೇಲೆ ಕಷ್ಟ. ಹಾಗಾಗಿ ನಾಳೆ ಬೆಳಿಗ್ಗೆಯೇ ಫೋನ್ ಮಾಡಿ, 112 ಪುಟಕ್ಕೆ 300ರ ಬಿಲ್ ಎಷ್ಟು, 500ರ ಬಿಲ್ ಎಷ್ಟು ಅಂತ ಎರಡೂ ಕೇಳಿ ಇಲ್ಲಿ ಹಾಕಿ. ಮುಖಬೆಲೆ ಎಷ್ಟು ಇಡಬಹುದು ಅಂತ ಕೂತು ಲೆಕ್ಕ ಹಾಕೋಣ.