ಸ್ಪಾರ್ಕ್ಸ್ ಬ್ಯಾಂಡ್‌ನ ಹಳೇ ಆಲ್ಬಮ್‌ಗಳನ್ನು ಎಲ್ಲಿಂದ ಕೇಳಲು ಶುರು ಮಾಡಬೇಕು?

'ದಿಸ್ ಟೌನ್ ಐನ್ಟ್ ಬಿಗ್ ಇನಫ್ ಫಾರ್ ಬೋತ್ ಆಫ್ ಅಸ್' ಕೇಳಿ ಮರುಳಾಗಿದ್ದೀರಿ. ಆದರೆ 25ಕ್ಕೂ ಹೆಚ್ಚು ಆಲ್ಬಮ್ ನೋಡಿ ದಿಕ್ಕು ತೋಚುತ್ತಿಲ್ಲ, ಮೊದಲಿನಿಂದ ಸಾಲಾಗಿ ಕೇಳಲೇ ಅಂತ ಬರೆದಿದ್ದೀರಿ. ಸಾಲಾಗಿ ಬೇಡ. ನಾನು ಹಾಗೇ ಶುರು ಮಾಡಿ, ಎರಡನೇ ಆಲ್ಬಮ್‌ನ ಮೊದಲ ಹಾಡಿಗೇ ನಿಲ್ಲಿಸಿ, ಎಷ್ಟೋ ತಿಂಗಳು ಈ ಬ್ಯಾಂಡ್ ಕಡೆ ತಲೆ ಹಾಕಿರಲಿಲ್ಲ.

ನೀವು ಕೇಳಿದ ಹಾಡು 1974ರ 'ಕಿಮೋನೋ ಮೈ ಹೌಸ್' ಆಲ್ಬಮ್‌ನದು. ಅದನ್ನೇ ಮೊದಲು ಪೂರ್ತಿ ಕೇಳಿ. ಈ ಬ್ಯಾಂಡ್ ಕಟ್ಟಿದ ರಾನ್ ಮೇಲ್, ರಸೆಲ್ ಮೇಲ್ ಲಾಸ್ ಏಂಜಲೀಸ್‌ನ ಅಣ್ಣತಮ್ಮಂದಿರು. ಅಲ್ಲಿ ಮಾಡಿದ ಎರಡು ಆಲ್ಬಮ್ ಅಷ್ಟಾಗಿ ಓಡಲಿಲ್ಲ. 1973ರಲ್ಲಿ ಲಂಡನ್ನಿಗೆ ಹೋದರು. ಅಲ್ಲಿ ಮಿನುಗುವ ಬಟ್ಟೆ, ಬಣ್ಣ ಬಳಿದ ಮುಖ, ಜೋರು ಗಿಟಾರ್‌ನ ಗ್ಲ್ಯಾಮ್ ಕಾಲ ನಡೆದಿತ್ತು. ನಿಮ್ಮ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ರಾನ್ ತಾವು ಹಾಡು ಕಟ್ಟಿದ ಶ್ರುತಿಯನ್ನು ತಮ್ಮನ ಗಂಟಲಿಗಾಗಿ ಇಳಿಸಲು ಒಪ್ಪಲಿಲ್ಲ. ರಸೆಲ್ ಅಷ್ಟೆತ್ತರಕ್ಕೇ ಹತ್ತಿ ಹಾಡಬೇಕಾಯಿತು. ಆ ದನಿಯಲ್ಲಿರುವ ಒದ್ದಾಟ ಅಲ್ಲಿಂದ ಬಂದದ್ದು.

ಅದೇ ಆಲ್ಬಮ್‌ನಲ್ಲಿ 'ಹಿಯರ್ ಇನ್ ಹೆವನ್' ಅಂತ ಒಂದು ಹಾಡಿದೆ. ದಯವಿಟ್ಟು ಸಾಹಿತ್ಯ ಎದುರಿಗಿಟ್ಟುಕೊಂಡು ಕೇಳಿ. ರೋಮಿಯೋ ಸ್ವರ್ಗದಲ್ಲಿ ಕೂತಿದ್ದಾನೆ. ಇಬ್ಬರೂ ಸಾಯೋಣ ಅಂತ ಮಾತಾಗಿತ್ತು. ಇವನು ಸತ್ತ, ಜೂಲಿಯೆಟ್ ಬರಲೇ ಇಲ್ಲ. ಮೊದಲ ಸಲ ನಗು ಬರುತ್ತದೆ. ಆದರೆ ರಸೆಲ್ ಅದನ್ನು ಒಂದಿಷ್ಟೂ ಹಗುರ ಮಾಡದೆ ಹಾಡುತ್ತಾರೆ. ಮೂರನೇ ಸಲ ಕೇಳುವಾಗ ನಗು ನಿಂತು, ಮೋಸ ಹೋದವನ ಸಂಕಟ ಮಾತ್ರ ಕೇಳಿಸುತ್ತದೆ. ನನಗೆ ಸ್ಪಾರ್ಕ್ಸ್ ಹಿಡಿಸಿದ್ದೇ ಇಲ್ಲಿ. ಪೇಚಿಗೆ ಸಿಕ್ಕ ಒಬ್ಬ ಮನುಷ್ಯ, ಅವನ ಪೇಚನ್ನು ಮನಸಾರೆ ಹಾಡುವ ದನಿ. ಮುಂದೆ ಇವರ ವಾದ್ಯಗಳೆಲ್ಲ ಬದಲಾಗುತ್ತವೆ, ಈ ಗುಣ ಬದಲಾಗುವುದಿಲ್ಲ. ಅದನ್ನೇ ಹಿಡಿದುಕೊಂಡು ಹೋಗಿ.

ಅದೇ ವರ್ಷದ 'ಪ್ರೊಪಗ್ಯಾಂಡಾ', 1975ರ 'ಇನ್‌ಡಿಸ್ಕ್ರೀಟ್' ತಾವಾಗೇ ಹಿಡಿಸುತ್ತವೆ. ಆಮೇಲೆ ನೇರ 1979ಕ್ಕೆ ಹಾರಿ. 'ನಂಬರ್ ಒನ್ ಇನ್ ಹೆವನ್' ಹಾಕಿದರೆ ಬೇರೆ ಯಾರದ್ದೋ ಆಲ್ಬಮ್ ಅನ್ನಿಸಬಹುದು. ಗಿಟಾರ್ ಹೋಗಿ ಸಿಂಥಸೈಜರ್‌ನ ಎಲೆಕ್ಟ್ರಾನಿಕ್ ನಾದ ಬಂದಿದೆ. ಗಾಯಕಿ ಡೋನಾ ಸಮರ್ ಜೊತೆ ಡಿಸ್ಕೋ ಹಾಡು ಮಾಡಿದ್ದ ನಿರ್ಮಾಪಕ ಜಾರ್ಜಿಯೋ ಮೊರೊಡರ್ ಇದನ್ನು ಮಾಡಿಕೊಟ್ಟರು. ಇರುವುದು ಆರೇ ಹಾಡು. ಕೊನೆಯದು ಏಳು ನಿಮಿಷಕ್ಕೂ ಜಾಸ್ತಿ, ನಿಧಾನವಾಗಿ ತೇಲುತ್ತಾ ಹೋಗಿ ನಡುವೆ ಥಟ್ಟನೆ ಓಡತೊಡಗುತ್ತದೆ. ಅಲ್ಲೂ ಸ್ವರ್ಗವೇ, ಅಲ್ಲೂ ಅದೇ ಎತ್ತರದ ದನಿ.

ಅಲ್ಲಿಂದ 2002ರ 'ಲಿಲ್ ಬೀಥೋವನ್'. ಡ್ರಮ್ಸ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪಿಯಾನೋ, ಪಿಟೀಲುಗಳ ನಾದ, ರಸೆಲ್ ದನಿಯನ್ನೇ ಒಂದರ ಮೇಲೊಂದು ಪೇರಿಸಿದ ಮೇಳ. 'ಮೈ ಬೇಬೀಸ್ ಟೇಕಿಂಗ್ ಮಿ ಹೋಮ್' ಹಾಡಿನಲ್ಲಿ ನಡುವಿನ ನಾಲ್ಕು ಮಾತು ಬಿಟ್ಟರೆ ಹೆಸರಿನ ಆ ಒಂದೇ ಸಾಲು, ನೂರಕ್ಕೂ ಹೆಚ್ಚು ಸಲ. ನಾನು ಅದನ್ನು ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿದ್ದೆ. ಹತ್ತನೇ ಸಲಕ್ಕೆ ಬೇಸರವಾಯಿತು. ಮೂವತ್ತಾಗುವ ಹೊತ್ತಿಗೆ ಎಣಿಸುವುದನ್ನು ಬಿಟ್ಟೆ. ಕೊನೆಗೆ ಬರುವಾಗ ಕಣ್ಣು ತುಂಬಿತ್ತು. ಮನೆಗೆ ಕರೆದೊಯ್ಯುವವರು ಸಿಕ್ಕಿದ್ದಾರೆ ಅನ್ನುವುದನ್ನು ಹಾಡಿನಲ್ಲಿರುವವನಿಗೇ ನಂಬಲಾಗುತ್ತಿಲ್ಲ, ಅದಕ್ಕೇ ಹೇಳುತ್ತಲೇ ಇದ್ದಾನೆ ಅಂತ ನನಗನ್ನಿಸುತ್ತದೆ.

ಉಳಿದವನ್ನು ಬಿಡುವಿದ್ದಾಗ ಕೇಳಿ. 80ರ ದಶಕದ್ದರಲ್ಲಿ 'ಆಂಗ್ಸ್ಟ್ ಇನ್ ಮೈ ಪ್ಯಾಂಟ್ಸ್' ಮೊದಲು. 1976-77ರ ಎರಡು ಆಲ್ಬಮ್‌ಗಳಿಗೆ ಅವಸರ ಬೇಡ, ಅವುಗಳಲ್ಲಿ ಹಾಡಿಗಿಂತ ಸದ್ದು ಜಾಸ್ತಿ ಅಂತ ನನ್ನ ಅನಿಸಿಕೆ. ಸಾಲಾಗಿ ಕೇಳುವುದೂ ಸುಖವೇ, ಆದರೆ ಬ್ಯಾಂಡ್ ಮೈಗೆ ಹತ್ತಿದ ಮೇಲೆ. 2008ರಲ್ಲಿ ಇವರೇ ಲಂಡನ್ನಿನಲ್ಲಿ ರಾತ್ರಿಗೊಂದರಂತೆ 21 ರಾತ್ರಿ, ತಮ್ಮ 21 ಆಲ್ಬಮ್‌ಗಳನ್ನು ಕ್ರಮವಾಗಿ ನುಡಿಸಿದ್ದರು. ಅಷ್ಟು ಹಾಡುಗಳನ್ನು ಮತ್ತೆ ಕಲಿತು ವೇದಿಕೆ ಹತ್ತುವುದು ಅಂದರೆ ಸುಮ್ನೆ ಅಲ್ಲ.

ಮೊದಲ ಎರಡು ಆಲ್ಬಮ್‌ಗಳನ್ನು ಕೊನೆಗೆ ಇಟ್ಟುಕೊಳ್ಳಿ. ಎರಡನೆಯದು 'ಗರ್ಲ್ ಫ್ರಮ್ ಜರ್ಮನಿ'ಯಿಂದ ಶುರುವಾಗುತ್ತದೆ. ಹುಡುಗ ಜರ್ಮನಿಯ ಹುಡುಗಿಯನ್ನು ಮನೆಗೆ ಕರೆತಂದಿದ್ದಾನೆ. ಅಪ್ಪ ಅಮ್ಮ ಯುದ್ಧವನ್ನು ಮರೆತಿಲ್ಲ. ಅವಳು ನಿಂತಿದ್ದಾಳೆ, ಇವನು ಸಮಜಾಯಿಷಿ ಹೇಳುತ್ತಿದ್ದಾನೆ. ಅವತ್ತು ನಾನು ನಿಲ್ಲಿಸಿದ್ದು ಇದೇ ಹಾಡನ್ನು. ಮೇಲೆ ಹೇಳಿದ್ದೆಲ್ಲ ಕೇಳಿ ಮುಗಿಸಿ ಮತ್ತೆ ಹಾಕಿದ ದಿನ, ಕೂತಲ್ಲೇ ಐದು ಸಲ ಕೇಳಿದೆ.