ಸಂಸತ್ತಿನಲ್ಲಿ ಮಸೂದೆಗಳು ಇಷ್ಟು ಬೇಗ ಪಾಸಾಗುವುದು ಹೇಗೆ?

ಮಸೂದೆಯನ್ನು ಸ್ಥಾಯಿ ಸಮಿತಿಗೆ ಕಳಿಸಲೇಬೇಕು ಅನ್ನೋ ನಿಯಮವಿಲ್ಲ, ಅದಕ್ಕೆ. ಎಲ್ಲ ಪಕ್ಷಗಳ ಸಂಸದರು ಕೂತು, ಅಧಿಕಾರಿಗಳನ್ನೂ ಜನರನ್ನೂ ಕರೆಸಿ ಕೇಳುವ ಜಾಗ ಅದು. ಬಹುಮತವಿರುವ ಸರ್ಕಾರ ಅದನ್ನು ಸುಲಭವಾಗಿ ಬಿಟ್ಟುಬಿಡಬಹುದು. ಆಡಳಿತ ಪಕ್ಷದ ಸಂಸದರೂ ತಡೆಯಲಾರರು. 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ವಿಪ್, ಅಂದರೆ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು.

2020ರ ಕೃಷಿ ಮಸೂದೆಗಳನ್ನೇ ನೋಡಿ. ಸಮಿತಿಗೆ ಹೋಗಲೇ ಇಲ್ಲ. ರಾಜ್ಯಸಭೆಯಲ್ಲಿ ಗದ್ದಲದ ನಡುವೆ ಧ್ವನಿಮತದಲ್ಲೇ, ಅಂದರೆ ಮತ ಎಣಿಸದೆ, ಪಾಸಾದವು. ನಮ್ಮ ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲ ಬಿಚ್ಚಿ, ಮೆಣಸಿನಕಾಯಿ ಕೈಯಲ್ಲಿ ಹಿಡಿದು, ಬಣ್ಣ, ತೇವ ನೋಡದೆ ಸುಮ್ನೆ ಯಾರೂ ರೇಟು ಬರೆಯಲ್ಲ. ಎಪಿಎಂಸಿ, ಅಂದರೆ ಇಂಥ ಕೃಷಿ ಮಾರುಕಟ್ಟೆಗಳ, ಹೊರಗೂ ವ್ಯಾಪಾರಕ್ಕೆ ಬಿಡುವ ಆ ಕಾನೂನಿಗೆ ಅಷ್ಟಾದರೂ ಪರೀಕ್ಷೆ ಬೇಕಿತ್ತು, ಅಲ್ವಾ? ಇಲ್ಲಿನ ರೈತರನ್ನೋ ಹಮಾಲರನ್ನೋ ಕರೆದು ಕೇಳಬಹುದಿತ್ತು. 2021ರ ನವೆಂಬರ್ 29ರಂದು ಆ ಕೃಷಿ ಕಾನೂನುಗಳನ್ನು ರದ್ದು ಮಾಡಿದಾಗಲೂ ಲೋಕಸಭೆಯಲ್ಲಿ ಚರ್ಚೆ ನಡೆಯಲಿಲ್ಲ.