ಕಡಲತೀರದ ಒಲೆಯಲ್ಲಿ ಗಾಜು ಹುಟ್ಟಿತೇ?

ಸೋಡಾ (ನೆಲದಲ್ಲಿ ಸಿಗುವ ಒಂದು ಕ್ಷಾರ ಖನಿಜ) ಸಾಗಿಸುತ್ತಿದ್ದ ವರ್ತಕರು ಕಡಲತೀರದಲ್ಲಿ ಅಡುಗೆಗೆ ಒಲೆಗುಂಡು ಸಿಗದೆ ಸೋಡಾ ಗಟ್ಟಿಗಳನ್ನೇ ಇಟ್ಟರು, ಅವು ಮರಳಿನೊಡನೆ ಕರಗಿ ಗಾಜು ಹರಿಯಿತು ಎಂಬ ಕಥೆ ನಿಜವೇ ಎಂದು ಕೇಳಿದ್ದೀರಿ. ಕಥೆ ರೋಮಿನ ಲೇಖಕ ಪ್ಲಿನಿಯದು, ಕ್ರಿ.ಶ. 1ನೇ ಶತಮಾನದ್ದು. ಸೊಗಸಾಗಿದೆ, ಆದರೆ ನಾನು ನಂಬುವುದಿಲ್ಲ.

ಬರೀ ಮರಳು ಕರಗಲು ಸುಮಾರು 1700 ಡಿಗ್ರಿ ಸೆಲ್ಸಿಯಸ್ ಬೇಕು. ಸೋಡಾ ಬೆರೆಸಿದರೂ ಒಳ್ಳೆಯ ಗಾಜಿಗೆ 1000 ಡಿಗ್ರಿಯ ಆಸುಪಾಸಿನ ಕಾವು ಗಂಟೆಗಟ್ಟಲೆ ನಿಲ್ಲಬೇಕು. ಗಾಳಿಗೆ ತೆರೆದ ಅಡುಗೆ ಒಲೆಯಿಂದ ಅದಾಗದು. ಆದರೂ ಪ್ಲಿನಿ ಹೆಸರಿಸಿದ, ಇಂದಿನ ಇಸ್ರೇಲಿನಲ್ಲಿರುವ ಬೇಲಸ್ ನದಿಯ ಮರಳು ಗಾಜಿಗೆ ನಿಜಕ್ಕೂ ಹೇಳಿಮಾಡಿಸಿದ್ದು: ಅದರಲ್ಲಿ ಬೆರೆತ ಚಿಪ್ಪಿನ ಚೂರುಗಳು ಗಾಜಿಗೆ ಬೇಕಾದ ಸುಣ್ಣವನ್ನು ಒದಗಿಸುತ್ತಿದ್ದವು.

ಗಾಜಿನ ಮಣಿಗಳು ಮೆಸೊಪೊಟೇಮಿಯದಲ್ಲಿ ಕ್ರಿ.ಪೂ. 3ನೇ ಸಹಸ್ರಮಾನದಲ್ಲೇ ಕಾಣಿಸುತ್ತವೆ. ಪಾತ್ರೆಗಳು ಬಂದದ್ದು ಕ್ರಿ.ಪೂ. 1500ರ ಸುಮಾರಿಗೆ. ಆಗ ಗಾಜನ್ನು ಊದಿ ಪಾತ್ರೆ ಮಾಡುವ ವಿದ್ಯೆ ಇರಲಿಲ್ಲ. ಕಡ್ಡಿಯ ತುದಿಗೆ ಜೇಡಿಮಣ್ಣು, ಸಗಣಿ ಕಲಸಿದ ಮುದ್ದೆ ಮೆತ್ತಿ, ಅದರ ಮೇಲೆ ಬಿಸಿ ಗಾಜನ್ನು ಸುತ್ತುತ್ತಿದ್ದರು. ಬೇರೆ ಬಣ್ಣದ ಎಳೆ ಸುತ್ತಿ ಚೂಪಾದ ಕಡ್ಡಿಯಿಂದ ಮೇಲೆ ಕೆಳಗೆ ಎಳೆದರೆ ಅಲೆಯ ಚಿತ್ತಾರ. ಆರಿದ ಮೇಲೆ ಮುದ್ದೆಯನ್ನು ಕೆರೆದು ತೆಗೆಯುವುದು. ವಸ್ತುಸಂಗ್ರಹಾಲಯದಲ್ಲಿ ಇಂಥ ಈಜಿಪ್ಟಿನ ಕುಪ್ಪಿ ಸಿಕ್ಕರೆ ಬಾಯಿಯೊಳಗೆ ಇಣುಕಿ ನೋಡಿ, ಒಳಮೈ ಒರಟೊರಟಾಗಿ ಮಂಕಾಗಿರುತ್ತದೆ.

ಇನ್ನೊಂದು ಮಾತು: ಇಂಥ ಕುಪ್ಪಿ ಮಾಡಿದ ಆ ಕಾಲದವರು ಬಳಸುತ್ತಿದ್ದದ್ದು ಪ್ಲಿನಿ ಹೇಳುವ ಖನಿಜ ಸೋಡಾ ಅಲ್ಲ, ಉಪ್ಪುನೆಲದ ಗಿಡಗಳನ್ನು ಸುಟ್ಟ ಬೂದಿ.